ನರ ತೆಗೆದ ಹಲ್ಲು ಮತ್ತೆ ನೋಯುವುದೇಕೆ?

ರೂಟ್ ಕೆನಾಲ್ ನಂತರದ ನೋವು, ಬಾವು: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು

"ನರಾನ ತೆಗದಾರ ಅಂದ ಮ್ಯಾಲ ನೋವು ಎಲ್ಲಿಂದ ಬರ್ತದ?" ಭಂಕೂರ, ಶಹಾಬಾದ್, ವಾಡಿ ಕಡೆ ರೂಟ್ ಕೆನಾಲ್ ಮಾಡಿಸಿಕೊಂಡು ಬಂದವರು ಮರುದಿನ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ನ್ಯಾಯವಿದೆ. ಫ್ಯಾಕ್ಟರಿಯ ಪಾಳಿ ತಪ್ಪಿಸಿ, ಇಲ್ಲವೆ ಖಣಿಯ ಕೂಲಿ ಬಿಟ್ಟು, ಕಲಬುರಗಿಯವರೆಗೆ ಹೋಗಿ, ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ರಾತ್ರಿ ಹಲ್ಲು ಮಿಡಿಯತೊಡಗಿದರೆ ಮೊದಲು ಭಯ ಬರುತ್ತದೆ, ಆಮೇಲೆ ಡಾಕ್ಟರು ಏನೋ ಕೆಡಿಸಿದರೆಂಬ ಅನುಮಾನ. ಆ ಅನುಮಾನದಲ್ಲಿ ಕೆಲವರು ಮೆಡಿಕಲ್ ಅಂಗಡಿಯಿಂದ ಸಿಕ್ಕ ಗುಳಿಗೆ ತಂದು ನುಂಗುತ್ತಾರೆ. ಕೆಲವರು ಸಿಟ್ಟಿನಲ್ಲಿ ಹಲ್ಲನ್ನೇ ಕೀಳಿಸಿಬಿಡುತ್ತಾರೆ. ಇನ್ನು ಕೆಲವರು ಮುಖ ಊದಿದರೂ "ಹೋಗ್ತದ ಬಿಡು" ಎಂದು ಕೂತುಬಿಡುತ್ತಾರೆ. ಈ ಮೂರರಲ್ಲಿ ಯಾವುದನ್ನು ಹಿಡಿದರೂ ನಷ್ಟವೇ.

ನೋವು ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ಕಡೆ ಹೊರಟಿದೆ ಎಂಬುದನ್ನು ನೋಡುವುದು ಮುಖ್ಯ. ನಿನ್ನೆಗಿಂತ ಇಂದು ಕಡಿಮೆಯಾದ ನೋವು ಮಾಯುತ್ತಿರುವ ಗಾಯದ ನೋವು. ಅದಕ್ಕೆ ಕಾಯಬಹುದು. ನಿನ್ನೆಗಿಂತ ಇಂದು ಹೆಚ್ಚಾದ ನೋವು, ಬಾವಿನ ಜೊತೆ ಬಂದ ನೋವು, ಇಳಿದು ಮತ್ತೆ ಏರಿದ ನೋವು ವೈದ್ಯರ ಕುರ್ಚಿಗೆ ಮರಳಬೇಕಾದವು. ಮುಂದೆ ಹೇಳುವ ಎಲ್ಲ ವಿವರವೂ ಈ ಒಂದು ಅಳತೆಗೋಲನ್ನು ಹಿಡಿಯಲು ಬೇಕಾದದ್ದು.

ನೋವು ಹಲ್ಲಿನೊಳಗಿನದಲ್ಲ

ಹಲ್ಲಿನ ನಡುವೆ ಮೆತ್ತನೆಯ ತಿರುಳಿದೆ. ರಕ್ತನಾಳ, ನರದ ಎಳೆಗಳು ಅದರಲ್ಲಿವೆ. ಹುಳುಕು ಅಲ್ಲಿಗೆ ಮುಟ್ಟಿದಾಗ ತಿರುಳು ಮೊದಲು ಉರಿಯುತ್ತದೆ, ಬಿಟ್ಟರೆ ಸತ್ತು ಕೊಳೆಯುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ವೈದ್ಯರು ಆ ತಿರುಳನ್ನು ತೆಗೆದು, ಬೇರಿನೊಳಗಿನ ಕಾಲುವೆಗಳನ್ನು ಸೂಜಿಯಂಥ ಫೈಲುಗಳಿಂದ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ.

ಇಲ್ಲಿ ತೆಗೆದದ್ದು ಹಲ್ಲಿನ ಒಳಗಿನ ನರವನ್ನು ಮಾತ್ರ. ಬೇರನ್ನು ದವಡೆಯ ಎಲುಬಿಗೆ ಹಿಡಿದಿಟ್ಟಿರುವ ತೆಳುವಾದ ನಾರಿನ ಪದರ ಹಾಗೇ ಇರುತ್ತದೆ, ಅದರ ನರಗಳೂ ಇರುತ್ತವೆ. ರೊಟ್ಟಿ ಕಡಿದಾಗ ಒತ್ತಡ ಎಷ್ಟು ಬಿತ್ತೆಂದು ಮಿದುಳಿಗೆ ಹೇಳುವುದು ಆ ಪದರವೇ. ಬೇರಿನ ತುದಿಯ ಹತ್ತಿರ ಕೆಲಸ ನಡೆದಾಗ ಅದು ಕೆರಳುತ್ತದೆ. ಮುಳ್ಳು ತೆಗೆದ ಮೇಲೂ ಅಂಗಾಲು ಎರಡು ದಿನ ನೋಯುವುದಿಲ್ಲವೇ, ಹಾಗೆ.

ಇದರಿಂದ ನೀವೇ ಗುರುತಿಸಬಹುದಾದ ಒಂದು ಸೂಚನೆ ಸಿಗುತ್ತದೆ. ಚಿಕಿತ್ಸೆಯಾದ ಹಲ್ಲು ಕಡಿದಾಗ, ಬೆರಳಿನಿಂದ ತಟ್ಟಿದಾಗ ನೋಯಬಹುದು. ಆದರೆ ತಣ್ಣೀರಿಗೆ, ಬಿಸಿ ಚಹಾಕ್ಕೆ ಚುಳುಕ್ಕೆನ್ನಬಾರದು. ಹಾಗೆನ್ನುತ್ತಿದ್ದರೆ ಎರಡು ಸಾಧ್ಯತೆಗಳಿವೆ: ಪಕ್ಕದ ಇನ್ನೊಂದು ಹಲ್ಲು ಹುಳುಕಾಗಿದೆ, ಅಥವಾ ಇದೇ ಹಲ್ಲಿನ ಒಂದು ಕಾಲುವೆಯಲ್ಲಿ ಜೀವಂತ ತಿರುಳು ಉಳಿದಿದೆ. ಎರಡನ್ನೂ ವೈದ್ಯರಿಗೆ ಹೇಳಲೇಬೇಕು.

ಎಷ್ಟು ದಿನ ಸಹಜ?

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಈ ಪ್ರಶ್ನೆಗೆ ಅಂಕಿ ಕೊಟ್ಟಿತು. ಚಿಕಿತ್ಸೆಗೆ ಮುನ್ನ ನೂರರಲ್ಲಿ 81 ಮಂದಿಗೆ ನೋವಿತ್ತು. ಚಿಕಿತ್ಸೆಯಾಗಿ 24 ಗಂಟೆ ಕಳೆದಾಗ ಅದು 40ಕ್ಕೆ ಇಳಿದಿತ್ತು. ವಾರದ ಹೊತ್ತಿಗೆ 11 ಮಂದಿಗೆ ಮಾತ್ರ ಉಳಿದಿತ್ತು, ಅದೂ ಬಹುಪಾಲು ಸಣ್ಣ ನೋವು.

ಅಂದರೆ ಮೊದಲ ದಿನ ನೋವಿರುವುದು ಅಪರೂಪವೇನಲ್ಲ. ಮೊದಲ ಎರಡು ದಿನ ಹೆಚ್ಚು, ಮೂರು ನಾಲ್ಕನೇ ದಿನಕ್ಕೆ ಗುಳಿಗೆಯ ಅಗತ್ಯ ಕಡಿಮೆ, ವಾರಕ್ಕೆ ಕಡಿದಾಗ ಮಾತ್ರ ಸ್ವಲ್ಪ ಅರಿವಿಗೆ ಬರುವಷ್ಟು. ಸಹಜ ನೋವು ಹೀಗೆ ನಡೆಯುತ್ತದೆ. ಬಾಯಿ ಬಹಳ ಹೊತ್ತು ತೆರೆದಿಟ್ಟಿದ್ದರಿಂದ ಕಿವಿಯ ಮುಂದಿನ ಕೀಲು ಬಿಗಿಯುವುದು, ಸೂಜಿ ಚುಚ್ಚಿದ ಜಾಗ ನೋಯುವುದು ಕೂಡ ಇದೇ ಅವಧಿಯಲ್ಲಿ ಹೋಗುತ್ತವೆ.

ಭುಗಿಲೇಳುವ ನೋವು ಇದಕ್ಕಿಂತ ಬೇರೆ. ದಂತ ವೈದ್ಯರು ಅದನ್ನು ಫ್ಲೇರ್ ಅಪ್ ಎನ್ನುತ್ತಾರೆ. ಚಿಕಿತ್ಸೆಯಾದ ಕೆಲವು ಗಂಟೆಗಳಿಂದ ಕೆಲವು ದಿನಗಳ ಒಳಗೆ ಜೋರು ನೋವು, ಇಲ್ಲವೆ ಬಾವು, ಇಲ್ಲವೆ ಎರಡೂ ಬಂದು, ಗೊತ್ತುಮಾಡಿದ ದಿನಕ್ಕೆ ಮೊದಲೇ ವೈದ್ಯರ ಬಳಿ ಹೋಗಬೇಕಾದ ಸ್ಥಿತಿ ಅದು. ಬೇರೆ ಬೇರೆ ಅಧ್ಯಯನಗಳ ಪ್ರಕಾರ ಇದು ನೂರಕ್ಕೆ ಸುಮಾರು ಎರಡರಿಂದ ಎಂಟು ಮಂದಿಗೆ ಆಗುತ್ತದೆ. ಸಮಾಧಾನದ ಸಂಗತಿಯೂ ಒಂದಿದೆ: ಹೀಗೆ ಭುಗಿಲೆದ್ದ ಹಲ್ಲಿಗೆ ಸರಿಯಾಗಿ ಉಪಚಾರ ಮಾಡಿ ಚಿಕಿತ್ಸೆ ಪೂರ್ತಿ ಮಾಡಿದರೆ ಅದು ಉಳಿಯುವ ಸಾಧ್ಯತೆ ಬೇರೆ ಹಲ್ಲುಗಳಿಗಿಂತ ಕಡಿಮೆಯಾಗುವುದಿಲ್ಲ. ಆದ್ದರಿಂದ ಫ್ಲೇರ್ ಅಪ್ ಬಂತೆಂದು ಹಲ್ಲು ಕೀಳಿಸುವ ಅಗತ್ಯವಿಲ್ಲ.

ನೋವಿನ ಕಾರಣಗಳು

ಬೇರಿನಾಚೆ ಜಾರಿದ ಕಸ. ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ ಇದು. ಫೈಲು ಒಳಗೆ ಆಡುವಾಗ ಕೊಳೆತ ತಿರುಳು, ಹಲ್ಲಿನ ಪುಡಿ, ಬ್ಯಾಕ್ಟೀರಿಯಾಗಳ ಒಂದಿಷ್ಟು ಭಾಗ ಬೇರಿನ ತುದಿಯ ರಂಧ್ರದಿಂದ ಎಲುಬಿನೊಳಗೆ ಜಾರುತ್ತದೆ. ಎಷ್ಟು ನುರಿತ ಕೈಯಾದರೂ ಇದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದಷ್ಟೆ. ದೇಹ ಆ ಕಸದ ಮೇಲೆ ದಾಳಿ ಮಾಡುತ್ತದೆ, ಆ ಜಾಗ ಊದಲು ನೋಡುತ್ತದೆ. ಸುತ್ತ ಗಟ್ಟಿ ಎಲುಬಿರುವುದರಿಂದ ಊದಲು ಜಾಗವಿಲ್ಲ. ಒತ್ತಡ ಏರಿ ಹಲ್ಲು ಮಿಡಿಯುತ್ತದೆ, ಪಕ್ಕದ ಹಲ್ಲುಗಳಿಗಿಂತ ಎತ್ತರವಾದಂತೆ ಅನ್ನಿಸುತ್ತದೆ.

"ಮೊದ್ಲು ನೋವೇ ಇರ್ಲಿಲ್ಲ, ಡಾಕ್ಟ್ರು ಕೈ ಹಚ್ಚಿದ ಮ್ಯಾಲ ಸುರು ಆತು" ಎಂಬ ದೂರಿನ ಹಿಂದೆ ಇರುವುದೂ ಹೆಚ್ಚಾಗಿ ಇದೇ. ತಿರುಳು ಸತ್ತು ವರ್ಷಗಳಾದ ಹಲ್ಲಿನ ಬೇರಿನ ತುದಿಯಲ್ಲಿ ಸೋಂಕು ಸದ್ದಿಲ್ಲದೆ ಕೂತಿರುತ್ತದೆ. ದೇಹವೂ ಅದೂ ಒಂದು ಹೊಂದಾಣಿಕೆಗೆ ಬಂದಿರುತ್ತವೆ. ಹಲ್ಲು ತೆರೆದಾಗ ಒಳಗೆ ಗಾಳಿ ಹೋಗುತ್ತದೆ, ಕೆಲವು ರೋಗಾಣು ಸಾಯುತ್ತವೆ, ಉಳಿದವು ಬೆಳೆಯಲು ಅವಕಾಶ ಪಡೆಯುತ್ತವೆ. ಹೊಂದಾಣಿಕೆ ಮುರಿದು ಸುಮ್ಮನಿದ್ದ ಹಲ್ಲು ಏಳುತ್ತದೆ. ರೋಗ ಹೊಸದಾಗಿ ಬಂದದ್ದಲ್ಲ, ಇದ್ದದ್ದು ಎಚ್ಚರಗೊಂಡದ್ದು. ಇಂಥ ಹಲ್ಲಿನಲ್ಲಿ ಅರ್ಧ ಸ್ವಚ್ಛ ಮಾಡಿ ಬಿಡುವುದು ಅಪಾಯಕರ. ಮೊದಲ ಭೇಟಿಯಲ್ಲೇ ಕಾಲುವೆಗಳನ್ನು ಆದಷ್ಟು ಪೂರ್ತಿ ತೊಳೆದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧ ಇಟ್ಟು ಮುಚ್ಚುವುದಕ್ಕೆ ವೈದ್ಯರು ಮಹತ್ವ ಕೊಡುವುದು ಇದಕ್ಕೇ.

ಅಳತೆ ತಪ್ಪಿದ ಫೈಲು. ಪ್ರತಿ ಬೇರಿನ ಉದ್ದ ಬೇರೆ. ಫೈಲು ಬೇರಿನ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಒಳಗೇ ನಿಲ್ಲಬೇಕು. ಆಚೆ ದಾಟಿದರೆ ನಾರಿನ ಪದರಕ್ಕೆ ನೇರ ಗಾಯ. ತೀರ ಈಚೆ ನಿಂತರೆ ತುದಿಯಲ್ಲಿ ಕೊಳೆ ಉಳಿಯುತ್ತದೆ. ಈ ಉದ್ದ ಅಳೆಯಲು ಎಕ್ಸ್‌ರೇ ಜೊತೆಗೆ ಅಪೆಕ್ಸ್ ಲೊಕೇಟರ್ ಎಂಬ ವಿದ್ಯುತ್ ಸಾಧನ ಬಳಸುತ್ತಾರೆ. ಹೊರಗೆ ಉಕ್ಕಿದ ಗಟ್ಟಾ ಪರ್ಚಾ ಮತ್ತು ಅಂಟು ಕೂಡ ಕೆಲ ದಿನ ಕಿರಿಕಿರಿ ಕೊಡಬಹುದು.

ತೊಳೆಯುವ ದ್ರಾವಣ. ಸೋಡಿಯಂ ಹೈಪೋಕ್ಲೋರೈಟ್ ರೋಗಾಣು ಕೊಲ್ಲುವುದರಲ್ಲಿ, ಸತ್ತ ತಿರುಳು ಕರಗಿಸುವುದರಲ್ಲಿ ನಿಪುಣ. ಆದರೆ ಒತ್ತಿ ಚುಚ್ಚಿ ಬೇರಿನಾಚೆ ಹೋದರೆ ಜೀವಂತ ಅಂಗಾಂಶವನ್ನೂ ಸುಡುತ್ತದೆ. ಹಾಗಾದರೆ ಕುರ್ಚಿಯಲ್ಲಿ ಕೂತಿರುವಾಗಲೇ ತಟ್ಟನೆ ತೀವ್ರ ಉರಿ ಏಳುತ್ತದೆ, ನಿಮಿಷಗಳಲ್ಲಿ ಕೆನ್ನೆ ಊದುತ್ತದೆ, ಆಮೇಲೆ ಚರ್ಮ ನೀಲಿಗಟ್ಟುತ್ತದೆ. ಇದು ವಿರಳ. ಆದರೆ ಉರಿ ಎದ್ದ ಕೂಡಲೇ ಸಹಿಸಿಕೊಂಡು ಕೂರದೆ ಕೈ ಎತ್ತಿ ವೈದ್ಯರಿಗೆ ತಿಳಿಸಬೇಕು.

ಕಣ್ಣಿಗೆ ಬೀಳದ ಕಾಲುವೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಆದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಲುವೆ ನಾಲ್ಕು. ಕೆಳಗಿನ ಮೊದಲ ದವಡೆ ಹಲ್ಲಿಗೆ ಮೂರೋ ನಾಲ್ಕೋ. ಕೆಳಗಿನ ಮುಂಭಾಗದ ಹಲ್ಲಿನಲ್ಲೂ ಒಮ್ಮೊಮ್ಮೆ ಎರಡು. ಕೂದಲೆಳೆಯಂಥ ಇಂಥ ಹೆಚ್ಚಿನ ಕಾಲುವೆ ಸಿಗದೆ ಉಳಿದರೆ ಅದರೊಳಗಿನ ತಿರುಳು ನೋಯುತ್ತಲೇ ಇರುತ್ತದೆ, ಇಲ್ಲವೆ ತಿಂಗಳುಗಳ ನಂತರ ಬಾವಾಗಿ ಬರುತ್ತದೆ. ಮಸೂರ, ಸೂಕ್ಷ್ಮದರ್ಶಕ, ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಇವನ್ನು ಹುಡುಕಲು ನೆರವಾಗುತ್ತವೆ.

ಎತ್ತರವಾದ ಫಿಲ್ಲಿಂಗ್. ಸುಲಭವಾಗಿ ಸರಿಹೋಗುವ ಕಾರಣ ಇದು. ಮರವಟ್ಟ ಬಾಯಲ್ಲಿ ಕಡಿತ ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಮರುದಿನ ಬಾಯಿ ಮುಚ್ಚಿದಾಗ ಆ ಒಂದು ಹಲ್ಲೇ ಮೊದಲು ತಾಗುತ್ತದೆ. ಮೊದಲೇ ಕೆರಳಿದ ಪದರದ ಮೇಲೆ ದಿನಕ್ಕೆ ನೂರಾರು ಪೆಟ್ಟು. ವೈದ್ಯರ ಬಳಿ ಹೋದರೆ ಕಾಗದ ಕಚ್ಚಿಸಿ ನೋಡಿ ಐದು ನಿಮಿಷದಲ್ಲಿ ಉಜ್ಜಿ ತಗ್ಗಿಸುತ್ತಾರೆ.

ಸೋರುವ ತಾತ್ಕಾಲಿಕ ಸಿಮೆಂಟ್. ಎರಡು ಭೇಟಿಗಳ ನಡುವೆ ಹಲ್ಲನ್ನು ಮುಚ್ಚುವ ಬಿಳಿ ಮದ್ದು ಎರಡು ಮೂರು ವಾರದ ಮಟ್ಟಿಗೆ ಮಾತ್ರ. ನಮ್ಮ ಕಡೆ ಹಲ್ಲು ಕೈಕೊಡುವುದು ಬಹಳ ಸಲ ಇಲ್ಲೇ. ನೋವು ನಿಂತಿತೆಂದು "ತೊಗರಿ ರಾಶಿ ಮುಗೀಲಿ, ಜಾತ್ರಿ ಆಗ್ಲಿ" ಎಂದು ಎರಡನೇ ಭೇಟಿ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಸಿಮೆಂಟ್ ಸವೆದು ಎಂಜಲು ಒಳಗೆ ಇಳಿದಿರುತ್ತದೆ, ಸ್ವಚ್ಛ ಮಾಡಿದ ಕಾಲುವೆ ಮತ್ತೆ ರೋಗಾಣುಗಳ ಮನೆ. ಸಿಮೆಂಟ್ ಬಿದ್ದುಹೋದರೆ ಹತ್ತಿಯ ಉಂಡೆ ತುಂಬಿಕೊಂಡು ಕಾಯಬೇಡಿ, ಆ ವಾರವೇ ಹೋಗಿ ಮುಚ್ಚಿಸಿಕೊಳ್ಳಿ.

ಬಿರುಕು. ಬೇರಿನ ಉದ್ದಕ್ಕೂ ಸೀಳು ಬಿಟ್ಟಿದ್ದರೆ ರೂಟ್ ಕೆನಾಲ್ ಎಷ್ಟು ಚೆನ್ನಾಗಿದ್ದರೂ ನೋವು ನಿಲ್ಲದು. ಕಡಿದು ಬಿಟ್ಟ ಗಳಿಗೆಯಲ್ಲಿ ಚುಚ್ಚುವುದು, ವಸಡಿನ ಒಂದೇ ಜಾಗದಲ್ಲಿ ಆಳವಾದ ಸಂದು ಇದರ ಲಕ್ಷಣ. ಹಲ್ಲು ಕೀಳಿಸಲೇಬೇಕಾಗಿ ಬರುವ ಕೆಲವೇ ಕಾರಣಗಳಲ್ಲಿ ಇದೂ ಒಂದು.

ಯಾರಿಗೆ ಹೆಚ್ಚು?

ಚಿಕಿತ್ಸೆಗೆ ಮೊದಲೇ ಜೋರು ನೋವಿದ್ದವರಿಗೆ ನಂತರವೂ ನೋವಿನ ಸಾಧ್ಯತೆ ಹೆಚ್ಚು. ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡ ಮಾತಿದು. ತಿರುಳು ಸತ್ತು ಬೇರಿನ ತುದಿಯಲ್ಲಿ ಎಲುಬು ಕರಗಿದ ಹಲ್ಲು, ಎರಡನೇ ಸಲ ರೂಟ್ ಕೆನಾಲ್ ಮಾಡುತ್ತಿರುವ ಹಲ್ಲು, ಕೆಳದವಡೆಯ ಹಿಂದಿನ ಹಲ್ಲು ಇದೇ ಸಾಲಿಗೆ ಸೇರುತ್ತವೆ. ಮಹಿಳೆಯರಲ್ಲಿ ಪುರುಷರಿಗಿಂತ ಸ್ವಲ್ಪ ಹೆಚ್ಚು ಎಂದೂ ಹಲವು ಅಧ್ಯಯನಗಳು ತೋರಿಸಿವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಸೋಂಕು ಬೇಗ ಹರಡುತ್ತದೆ, ಗಾಯ ತಡವಾಗಿ ಮಾಯುತ್ತದೆ. ಅಂಥವರು ಚಿಕಿತ್ಸೆಗೆ ಮುನ್ನ ಸಕ್ಕರೆ ಪರೀಕ್ಷೆ ಮಾಡಿಸಿ ವರದಿ ತೋರಿಸುವುದು ಒಳ್ಳೆಯದು.

ಒಂದೇ ಸಲಕ್ಕೆ ಮುಗಿಸುವುದು ಮೇಲೋ, ಎರಡು ಮೂರು ಭೇಟಿ ಮೇಲೋ? ಹಲ್ಲು ಉಳಿಯುವ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಒಂದೇ ಭೇಟಿಯಲ್ಲಿ ಮುಗಿಸಿದಾಗ ಮೊದಲ ವಾರದ ನೋವು ಸ್ವಲ್ಪ ಹೆಚ್ಚು ಮಂದಿಗೆ ಬರುತ್ತದೆ. ಚಿಂಚೋಳಿಯಂಥ ದೂರದ ಊರಿನಿಂದ ಹೋಗುವವರಿಗೆ ಎರಡು ದಿನದ ಹೆಚ್ಚಿನ ನೋವಿಗಿಂತ ಇನ್ನೊಂದು ಪ್ರಯಾಣವೇ ಭಾರವಾಗಬಹುದು. ನಿಮ್ಮ ಊರು, ನಿಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳಿ. ಹಲ್ಲಿನ ಸ್ಥಿತಿ ಒಪ್ಪಿದರೆ ಅವರು ಅದಕ್ಕೆ ತಕ್ಕಂತೆ ಯೋಜಿಸಬಲ್ಲರು.

ಮನೆಯಲ್ಲಿ ಮಾಡಬೇಕಾದದ್ದು

ಮರವು ಇಳಿಯುವವರೆಗೆ, ಅಂದರೆ ಎರಡರಿಂದ ನಾಲ್ಕು ಗಂಟೆ, ಏನನ್ನೂ ಅಗಿಯಬೇಡಿ. ನಾಲಿಗೆ, ಕೆನ್ನೆ ಕಚ್ಚಿಕೊಂಡು ಹುಣ್ಣಾಗುತ್ತದೆ. ಮೊದಲ ಮೂರು ದಿನ ನುಚ್ಚು, ಮಜ್ಜಿಗೆ ಅನ್ನ, ಬ್ಯಾಳಿಯಲ್ಲಿ ನೆನೆಸಿದ ಬಿಸಿ ರೊಟ್ಟಿಯಂಥ ಮೆತ್ತನೆಯ ಊಟ, ಅದೂ ಇನ್ನೊಂದು ಬದಿಯಿಂದ. ಖಡಕ್ ರೊಟ್ಟಿ, ಶೇಂಗಾ, ಹುರಿಗಡಲೆಗೆ ಕ್ಯಾಪ್ ಕೂರುವವರೆಗೂ ಆ ಬದಿಯಲ್ಲಿ ರಜೆ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಿರಿ, ನಡುವೆ ಬಿಡುವು ಕೊಡಿ. ಮಲಗಿದಾಗ ತಲೆಗೆ ರಕ್ತದ ಒತ್ತು ಹೆಚ್ಚಿ ಹಲ್ಲು ಜಾಸ್ತಿ ಮಿಡಿಯುತ್ತದೆ, ರಾತ್ರಿಯ ನೋವು ಹೆಚ್ಚೆನಿಸಲು ಅದೂ ಒಂದು ಕಾರಣ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲುಜ್ಜುವುದನ್ನು ಬಿಡಬೇಡಿ, ಆ ಜಾಗದಲ್ಲಿ ಮೆಲ್ಲಗೆ ಉಜ್ಜಿ.

ಮಾಡಬಾರದ್ದು ಕೆಲವಿವೆ. ಬಾವು ಬಂದ ಕೆನ್ನೆಗೆ ಹೊರಗಿನಿಂದ ಬಿಸಿ ಉಪ್ಪಿನ ಗಂಟು, ಹಂಚಿನ ಕಾವು ಕೊಡಬೇಡಿ. ಗುಳಿಗೆಯನ್ನು ಪುಡಿಮಾಡಿ ವಸಡಿಗೆ ಒತ್ತಬೇಡಿ, ಆಸ್ಪಿರಿನ್‌ನಂಥವು ವಸಡನ್ನು ಸುಡುತ್ತವೆ. ಲವಂಗದ ಎಣ್ಣೆ ಮುಚ್ಚಿದ ಹಲ್ಲಿನ ಬೇರಿನ ತುದಿಗೆ ತಲುಪುವುದೇ ಇಲ್ಲ. ಮಿಸ್ರಿ, ತಂಬಾಕು, ಗುಟ್ಕಾ ಇಟ್ಟುಕೊಂಡರೆ ನೋವು ಮರೆತಂತಾಗಬಹುದು, ಆದರೆ ಗಾಯ ಮಾಯುವುದನ್ನು ಅವು ತಡೆಯುತ್ತವೆ.

ಗುಳಿಗೆಗಳ ವಿಷಯ

ಈ ನೋವಿನ ಮೂಲ ಉರಿಯೂತ. ಆದ್ದರಿಂದ ಐಬುಪ್ರೊಫೆನ್‌ನಂಥ ಉರಿಯೂತ ಇಳಿಸುವ ಗುಳಿಗೆ ಒಳ್ಳೆಯ ಕೆಲಸ ಮಾಡುತ್ತದೆ, ಪ್ಯಾರಾಸಿಟಮಾಲ್ ಜೊತೆಗೆ ಕೊಟ್ಟಾಗ ಇನ್ನೂ ಚೆನ್ನಾಗಿ. ವೈದ್ಯರು ಬರೆದ ಪ್ರಮಾಣದಲ್ಲಿ, ಊಟವಾದ ಮೇಲೆ, ಮರವು ಬಿಡುವ ಮುನ್ನವೇ ಮೊದಲ ಗುಳಿಗೆ ತೆಗೆದುಕೊಂಡರೆ ನೋವು ಏರಲು ಅವಕಾಶ ಸಿಗದು.

ಎಚ್ಚರ ಬೇಕಾದದ್ದು ಲೆಕ್ಕದಲ್ಲಿ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಮೊದಲೇ ಇದೆ. ಡೋಲೋ 650 ಅಂದರೆ ಪೂರ್ತಿ ಪ್ಯಾರಾಸಿಟಮಾಲೇ. ಹೆಸರು ಬೇರೆ ಎಂದು ಎರಡನ್ನೂ ಮನಸ್ಸಿಗೆ ಬಂದಂತೆ ನುಂಗಿದರೆ ಒಂದೇ ಔಷಧ ಎರಡು ದಾರಿಯಿಂದ ಹೊಟ್ಟೆಗೆ ಹೋಗುತ್ತದೆ. ಆರೋಗ್ಯವಂತ ದೊಡ್ಡವರಿಗೂ ಪ್ಯಾರಾಸಿಟಮಾಲ್ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ, ಕುಡಿತದ ಅಭ್ಯಾಸ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ಕಿಡ್ನಿ ಕಾಯಿಲೆ, ಹೊಟ್ಟೆಯ ಹುಣ್ಣು, ಹೃದ್ರೋಗ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಆಂಟಿಬಯಾಟಿಕ್ ಬಗ್ಗೆ ಒತ್ತಿ ಹೇಳಬೇಕಾದ ಮಾತಿದೆ. ಅಮಾಕ್ಸಿಸಿಲಿನ್ ನೋವಿನ ಗುಳಿಗೆಯಲ್ಲ. ಹಲ್ಲಿನೊಳಗೆ ರಕ್ತವೇ ಓಡಾಡದ ಕಾಲುವೆಗೆ ನೀವು ನುಂಗಿದ ಔಷಧ ತಲುಪುವುದಿಲ್ಲ. ಅಲ್ಲಿನ ಕೊಳೆ ಹೋಗಲು ತೊಳೆಯಬೇಕು, ಕೀವು ಹೋಗಲು ದಾರಿ ಮಾಡಿಕೊಡಬೇಕು. ಹಲ್ಲಿಗೆ ನೇರ ಚಿಕಿತ್ಸೆ ಸಿಗುವಲ್ಲಿ, ಜ್ವರವಿಲ್ಲದ, ಹರಡದ ನೋವು ಬಾವಿಗೆ ಆಂಟಿಬಯಾಟಿಕ್ ಬೇಡ ಎಂದು ಅಮೆರಿಕದ ದಂತ ವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿತು. ಜ್ವರ, ಹರಡುವ ಬಾವು, ಮೈಸುಸ್ತು ಇದ್ದಾಗ ಅದು ಬೇಕು, ಆಗಲೂ ವೈದ್ಯರು ಬರೆದುಕೊಟ್ಟದ್ದನ್ನೇ. ಅಂಗಡಿಯಿಂದ ಎರಡು ದಿನದ ಗುಳಿಗೆ ತಂದು ನಡುವೆ ಬಿಡುವ ಅಭ್ಯಾಸದಿಂದ ನೋವೂ ಹೋಗದು, ನಾಳೆ ನಿಜವಾಗಿ ಬೇಕಾದಾಗ ಔಷಧವೂ ನಾಟದು.

ತಡಮಾಡಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದಂತ ವೈದ್ಯರನ್ನು ಕಾಣಿ:

• ಮೂರನೇ ದಿನದ ನಂತರವೂ ನೋವು ಏರುತ್ತಿರುವುದು, ಗುಳಿಗೆಗೂ ಬಗ್ಗದಿರುವುದು
• ಕೆನ್ನೆ ಅಥವಾ ವಸಡಿನಲ್ಲಿ ಬಾವು, ಬಾಯಲ್ಲಿ ಕೀವಿನ ರುಚಿ
• ಜ್ವರ, ಚಳಿ, ಕತ್ತಿನಲ್ಲಿ ಗಂಟು
• ಮೈಮೇಲೆ ದದ್ದು, ತುರಿಕೆ. ಇದು ಔಷಧದ ಅಲರ್ಜಿ ಇರಬಹುದು
• ತುಟಿ, ಗಲ್ಲದ ಮರವು ಮರುದಿನವೂ ಇಳಿಯದಿರುವುದು

ಇವು ಕಂಡರೆ ಹಲ್ಲಿನ ಕ್ಲಿನಿಕ್ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ:

• ಗಲ್ಲದ ಕೆಳಗೆ, ಕತ್ತಿನ ಎರಡೂ ಬದಿಗೆ ಬಾವು ಗಟ್ಟಿಯಾಗಿ ಹರಡುವುದು
• ಎಂಜಲು ನುಂಗಲಾಗದಿರುವುದು, ಉಸಿರಿಗೆ ಕಷ್ಟ, ದನಿ ಬದಲಾಗುವುದು, ನಾಲಿಗೆ ಮೇಲೆದ್ದಂತಾಗುವುದು
• ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು
• ಬಾವು ಏರಿ ಕಣ್ಣು ಮುಚ್ಚಿಹೋಗುವುದು
• ತುಟಿ, ನಾಲಿಗೆ, ಮುಖ ತಟ್ಟನೆ ಊದಿ ಎದೆ ಬಿಗಿಯುವುದು

ಗಲ್ಲದ ಕೆಳಗೆ ಹರಡುವ ಸೋಂಕಿಗೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಲ್ಲ ಸ್ಥಿತಿ ಅದು. ಇನ್ನೊಂದು ಮಾತು: ಕೆಳದವಡೆಯ ನೋವಿನ ಜೊತೆ ಎದೆ ಭಾರ, ಬೆವರು, ಎಡಗೈ ಸೆಳೆತ ಇದ್ದರೆ ಅದು ಹಲ್ಲಿನದೆಂದು ತಿಳಿಯಬೇಡಿ. ಹೃದಯಾಘಾತದ ನೋವು ದವಡೆಗೂ ಬರುತ್ತದೆ.

ನಮ್ಮ ಕಡೆ ಎಲ್ಲಿಗೆ ಹೋಗಬೇಕು?

ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಪರೀಕ್ಷೆ, ಔಷಧ, ಕೀವು ತೆಗೆಯುವಂಥ ತುರ್ತು ಉಪಚಾರಕ್ಕೆ ಮೊದಲು ಕೇಳಿ ನೋಡಬಹುದು. ರೂಟ್ ಕೆನಾಲ್ ಸೌಲಭ್ಯ ಎಲ್ಲ ಕಡೆ ಒಂದೇ ರೀತಿ ಇರದು, ಮೊದಲೇ ವಿಚಾರಿಸಿ ಹೋಗಿ. ಕಲಬುರಗಿಯಲ್ಲಿ ದಂತ ಕಾಲೇಜುಗಳಿರುವುದು ನಮ್ಮ ಜಿಲ್ಲೆಯ ದೊಡ್ಡ ಅನುಕೂಲ. ಸೇಡಂ ರಸ್ತೆಯಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅದೇ ರಸ್ತೆಯಲ್ಲಿ ಇಎಸ್ಐಸಿ ಆಸ್ಪತ್ರೆ ಮತ್ತು ದಂತ ಕಾಲೇಜು, ಜೊತೆಗೆ ಅಲ್-ಬದರ್ ದಂತ ಕಾಲೇಜು. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ರೂಟ್ ಕೆನಾಲ್‌ಗೆ ಹೋಗುವವರು ಎಂಡೊಡಾಂಟಿಕ್ಸ್ ವಿಭಾಗ ಎಂದು ಕೇಳಿ.

ಶಹಾಬಾದ್, ವಾಡಿ, ಸೇಡಂ ಕಡೆಯ ಕಾರ್ಮಿಕರು ತಮಗೆ ಇಎಸ್ಐ ಕಾರ್ಡ್ ಇದೆಯೇ ಎಂದು ನೋಡಿಕೊಳ್ಳಿ. 2017ರಲ್ಲಿ ಇದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಕಾರ್ಡ್ ಇದ್ದೂ ಹಲ್ಲಿಗೆ ಅದು ನಡೆಯುವುದಿಲ್ಲವೆಂದು ಕೈಯಿಂದ ಹಣ ಹಾಕುವವರಿದ್ದಾರೆ. ಹೋಗಿ ಕೇಳಿದರೆ ನಷ್ಟವಿಲ್ಲ.

ದೂರದವರು ದಿನವನ್ನು ಲೆಕ್ಕ ಹಾಕಿ ಆರಿಸಿಕೊಳ್ಳಿ. ಶಹಾಬಾದ್, ವಾಡಿಯವರಿಗೆ ಕಲಬುರಗಿಗೆ ನೇರ ರೈಲಿದೆ. ಚಿತ್ತಾಪುರ, ಸೇಡಂ ಊರುಗಳು ವಾಡಿಯಿಂದ ಸಿಕಂದರಾಬಾದ್‌ಗೆ ಹೋಗುವ ಮಾರ್ಗದಲ್ಲಿವೆ. ಚಿಂಚೋಳಿಯವರಿಗೆ ಬಸ್ಸೇ ಗತಿ. ಶನಿವಾರ ಸಂಜೆ ಅಥವಾ ಹಬ್ಬದ ಹಿಂದಿನ ದಿನ ಹಲ್ಲು ತೆರೆಸಬೇಡಿ. ನೋವು ಹೆಚ್ಚಿರುವುದು ಮೊದಲ ಎರಡು ದಿನ, ಆ ದಿನಗಳಲ್ಲಿ ವೈದ್ಯರು ಸಿಗುವಂತಿರಬೇಕು. ವಾರದ ಮೊದಲಿನಲ್ಲಿ, ಬೆಳಗಿನ ಹೊತ್ತು ಮಾಡಿಸಿದರೆ, ತೊಂದರೆ ಬಂದರೂ ಅದೇ ವಾರ ತೋರಿಸಬಹುದು.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆಗಳು ಇವು. ಈ ಹಲ್ಲಿಗೆ ಎಷ್ಟು ಕಾಲುವೆ ಸಿಕ್ಕವು? ಎಷ್ಟು ಭೇಟಿ ಬೇಕು? ರಬ್ಬರ್ ಡ್ಯಾಮ್ ಬಳಸುತ್ತೀರಾ? ಹಲ್ಲಿನ ಸುತ್ತ ಹಿಡಿಸುವ ಆ ರಬ್ಬರ್ ಹಾಳೆ ಎಂಜಲನ್ನು ಒಳಗೆ ಬಿಡದೆ, ದ್ರಾವಣವನ್ನು ಗಂಟಲಿಗೆ ಬಿಡದೆ ತಡೆಯುತ್ತದೆ. ರಾತ್ರಿ ನೋವು ಹೆಚ್ಚಾದರೆ ಯಾವ ನಂಬರಿಗೆ ಕರೆ ಮಾಡಲಿ? ಕ್ಯಾಪ್ ಸೇರಿ ಒಟ್ಟು ಖರ್ಚೆಷ್ಟು? ಎಕ್ಸ್‌ರೇ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಬೇರೆ ವೈದ್ಯರ ಬಳಿ ಹೋಗಬೇಕಾದರೆ ಅದೇ ದಾಖಲೆ. ಬಿಡಿಎಸ್ ಪದವಿ, ದಂತ ಪರಿಷತ್ತಿನ ನೋಂದಣಿ ಇಲ್ಲದವರ ಕೈಗೆ ಹಲ್ಲು ಕೊಡಬೇಡಿ.

ಮರಳಿ ಹೋದಾಗ ವೈದ್ಯರು ಮಾಡುವುದು ಸಾಮಾನ್ಯವಾಗಿ ಇಷ್ಟು: ಕಡಿತ ತಗ್ಗಿಸುವುದು, ಹಲ್ಲು ಮತ್ತೆ ತೆರೆದು ತೊಳೆದು ಔಷಧ ಬದಲಿಸುವುದು, ಕೀವಿದ್ದರೆ ಹಲ್ಲಿನ ಮೂಲಕ ಇಲ್ಲವೆ ವಸಡಿನಲ್ಲಿ ಸಣ್ಣ ಕೊಯ್ತ ಹಾಕಿ ಹೊರಬಿಡುವುದು. ಕೀವು ಹೊರಬಂದ ಗಳಿಗೆಯಿಂದಲೇ ನೋವು ಇಳಿಯುತ್ತದೆ.

ತಿಂಗಳಾದರೂ ಹೋಗದ ನೋವು

ಆರು ತಿಂಗಳ ನಂತರವೂ ನೂರರಲ್ಲಿ ಸುಮಾರು ಐದು ಮಂದಿಗೆ ಏನಾದರೊಂದು ನೋವು ಉಳಿದಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ನೋವಿಗೆ ಮೂಲ ಆ ಹಲ್ಲೇ ಅಲ್ಲ. ದವಡೆಯ ಸ್ನಾಯು, ಕಿವಿ ಮುಂದಿನ ಕೀಲು, ಮೇಲ್ದವಡೆಯ ಹಲ್ಲಿನ ಮೇಲಿರುವ ಸೈನಸ್, ಮುಖದ ನರದ ಕಾಯಿಲೆ ಇದಕ್ಕೆ ಕಾರಣವಾಗಬಲ್ಲವು. ಮುಖ ತೊಳೆದಾಗ, ಗಾಳಿ ತಾಗಿದಾಗ ಶಾಕ್ ಹೊಡೆದಂತೆ ಕ್ಷಣಕಾಲ ಬರುವ ನೋವು ನರದ್ದು. ಅದಕ್ಕೆ ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿ ಬರಿದಾಗಿಸಿಕೊಂಡರೂ ಫಲವಿಲ್ಲ. ಹಲ್ಲಿನದೇ ತೊಂದರೆಯಾಗಿದ್ದರೆ ಮರು ರೂಟ್ ಕೆನಾಲ್, ಅದೂ ಆಗದಿದ್ದರೆ ಬೇರಿನ ತುದಿಯ ಸಣ್ಣ ಶಸ್ತ್ರಚಿಕಿತ್ಸೆ ಎಂಬ ದಾರಿಗಳಿವೆ. ಕೀಳಿಸುವುದು ಕೊನೆಯ ದಾರಿ.

ಕ್ಯಾಪ್ ಇಲ್ಲದೆ ಚಿಕಿತ್ಸೆ ಮುಗಿಯದು

ನೋವು ನಿಂತ ಮೇಲೆ ಕ್ಯಾಪ್ ಹಾಕಿಸದೆ ಉಳಿಯುವವರು ಬಹಳ. ಹುಳುಕಿನಿಂದ, ಚಿಕಿತ್ಸೆಗಾಗಿ ಕೊರೆದದ್ದರಿಂದ ಹಲ್ಲಿನ ಗೋಡೆ ತೆಳುವಾಗಿರುತ್ತದೆ. ಕ್ಯಾಪ್ ಹಾಕಿಸದ ರೂಟ್ ಕೆನಾಲ್ ಹಲ್ಲುಗಳು ಕ್ಯಾಪ್ ಇದ್ದವುಗಳಿಗಿಂತ 6 ಪಟ್ಟು ವೇಗದಲ್ಲಿ ಕಳೆದುಹೋದವೆಂದು 2002ರ ಒಂದು ಅಧ್ಯಯನ ಕಂಡುಕೊಂಡಿತು. ದಿನಾ ಜೋಳದ ರೊಟ್ಟಿ ಕಡಿಯುವ ನಮ್ಮ ದವಡೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಿಂದಿನ ಹಲ್ಲಾದರೆ ಚಿಕಿತ್ಸೆ ಮುಗಿದ ಒಂದು ತಿಂಗಳೊಳಗೆ ಕ್ಯಾಪ್ ಹಾಕಿಸಿ. ಹಣ ಒಟ್ಟಿಗೆ ಹೊಂದದಿದ್ದರೆ ಕಡಿಮೆ ಬೆಲೆಯ ಲೋಹದ ಕ್ಯಾಪ್ ಕೇಳಿ. ಕಾಣದ ಜಾಗದಲ್ಲಿ ಅದು ಗಟ್ಟಿಯಾಗಿಯೇ ದುಡಿಯುತ್ತದೆ.

ಕೊನೆಯ ಮಾತು ದಂತ ವೈದ್ಯರಿಗೂ ಸೇರಿದ್ದು. ಒಬ್ಬರಿಗೆ ರೂಟ್ ಕೆನಾಲ್ ನಂತರ ನೋವು ಬಂದು, ಯಾಕೆಂದು ಯಾರೂ ಹೇಳದೆ ಹೋದರೆ ಆ ಓಣಿಯ ಹತ್ತು ಮಂದಿ "ಅದು ಮಾಡ್ಸೋದೇ ಬ್ಯಾಡ, ಕಿತ್ತಿಸಿಬಿಡ್ರಿ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಉಳಿಯಬಹುದಾದ ಹಲ್ಲುಗಳು ಹೀಗೆ ಊರಿಗೆ ಊರೇ ಹೋಗುತ್ತವೆ. ಎರಡು ದಿನ ನೋಯುತ್ತದೆ, ಇಳಿಯುತ್ತದೆ, ಏರಿದರೆ ಇಂಥ ನಂಬರಿಗೆ ಕರೆ ಮಾಡಿ ಎಂದು ರೋಗಿ ಕುರ್ಚಿಯಿಂದ ಏಳುವ ಮುನ್ನ, ಅವರ ಮಾತಿನಲ್ಲೇ ಹೇಳಿ ಕಳಿಸುವುದು ಚಿಕಿತ್ಸೆಯ ಭಾಗ. ವೈದ್ಯರು ಹೇಳದಿದ್ದರೆ ಕೇಳಿ ಪಡೆಯುವುದು ನಮ್ಮ ಹಕ್ಕು.